ನಸುಕಿನ ಹತ್ತು ನಿಮಿಷ

ಪ್ರೀತಿಯ ಪುಟ್ಟಾ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಫೋನು ಮಾಡಿದರೆ ನೀನೂ ಮಾತಾಡುತ್ತೀಯ, ನಾನೂ ಮಾತಾಡುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇವತ್ತು ರಾತ್ರಿ ಸೈಟಿಗೆ ಹೊರಡುವ ಮೊದಲು ನಿಧಾನವಾಗಿ ಓದು. ಅಮ್ಮ ಚೆನ್ನಾಗಿದ್ದಾಳೆ. ಹಗಲು ಸರಿಯಾಗಿ ನಿದ್ದೆ ಮಾಡುತ್ತಾನೋ ಇಲ್ಲವೋ ಕೇಳು ಅಂದಳು. ಅದನ್ನು ನಾನೂ ಕೇಳುತ್ತಿದ್ದೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ನಿನ್ನ ಸಿಟ್ಟು ಅರ್ಥವಾಗುತ್ತದೆ. ಹೆದ್ದಾರಿ ಕೆಲಸ ಮಾಡಿ ಬಂದವನು ನೀನು. ಅಲ್ಲಿ ಬ್ಯಾರಿಕೇಡು ಇಟ್ಟು, ಕೆಂಪು ಬಾವುಟದವರನ್ನು ಎರಡು ತುದಿಗೆ ನಿಲ್ಲಿಸಿದರೆ ಆಯಿತು, ಜಾಗ ನಿನ್ನದು. ವಿಮಾನ ನಿಲ್ದಾಣದ ರನ್‌ವೇಯಲ್ಲಿ ರಾತ್ರಿಗೆ ಸಿಗುವುದೇ ಆರು ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಗೇಟಿನಲ್ಲೇ ಹೋಯಿತು. ಪಾಸಿನ ಅವಧಿ ಹಿಂದಿನ ದಿನವಷ್ಟೇ ಮುಗಿದಿದ್ದ ಒಬ್ಬ ಕೆಲಸಗಾರನನ್ನು ವಾಪಸು ಕಳಿಸಿದರು. ಎಸ್ಕಾರ್ಟ್ ಗಾಡಿ ಬರುವ ತನಕ ಟಿಪ್ಪರುಗಳು ಬಿಸಿ ಡಾಂಬರು ಹೊತ್ತು ಸಾಲಾಗಿ ನಿಂತವು. ಕಡೆಗೆ ನಸುಕಿನಲ್ಲಿ ನೀನು ಕೇಳಿದ್ದು ಹತ್ತೇ ನಿಮಿಷ, ಒಂದು ರೋಲರ್ ಓಡಿಸುವಷ್ಟು ಹೊತ್ತು. ಅದನ್ನೂ ಕೊಡಲಿಲ್ಲ. ‘ಇವರಿಗೆ ನಮ್ಮ ಮೇಲೆ ನಂಬಿಕೆಯೇ ಇಲ್ಲ ಅಕ್ಕಾ’ ಅಂತ ಬರೆದಿದ್ದೀಯ.

ಅಲ್ಲಿ ನಿನ್ನನ್ನು ತಡೆದವರ ಜಾಗದಲ್ಲಿ ಇಲ್ಲಿ, ನಮ್ಮ ವಿಮಾನ ನಿಲ್ದಾಣದಲ್ಲಿ, ನಿಲ್ಲುವವಳು ನಾನು. ಆದ್ದರಿಂದ ಅವರ ಪರವಾಗಿ ಮಾತಾಡುತ್ತೇನೆ. ಅಕ್ಕನಾಗಿಯೂ ಮಾತಾಡುತ್ತೇನೆ, ಯಾಕೆಂದರೆ ಆ ರನ್‌ವೇ ಮೇಲೆ ರಾತ್ರಿಯಿಡೀ ನಿಂತಿರುವವನು ನನ್ನ ತಮ್ಮ.

ಎರಡು ಘಟನೆ ಹೇಳುತ್ತೇನೆ. ಎರಡೂ ಅಕ್ಟೋಬರ್ 31ರಂದೇ ನಡೆದವು.

1979ರ ಅಕ್ಟೋಬರ್ 31, ಮೆಕ್ಸಿಕೊ ಸಿಟಿ. ಬೆಳಗಿನ ಜಾವ, ಮಂಜು. ಅಕ್ಕಪಕ್ಕದ ಎರಡು ರನ್‌ವೇಗಳಲ್ಲಿ ಎಡಗಡೆಯದು ರಿಪೇರಿಗೆಂದು ಬಂದ್ ಆಗಿತ್ತು. ವೆಸ್ಟರ್ನ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಎಡಗಡೆಯ ರನ್‌ವೇಯ ರೇಡಿಯೋ ಸಂಕೇತ ಹಿಡಿದು ಇಳಿಯುತ್ತ ಬಂದು, ಕೊನೆಗೆ ಬಲಕ್ಕೆ ಸರಿದು ಪಕ್ಕದ ರನ್‌ವೇಯಲ್ಲಿ ಇಳಿಯಬೇಕಿತ್ತು. ಅದು ಸರಿಯಲಿಲ್ಲ. ಬಂದ್ ಆಗಿದ್ದ ರನ್‌ವೇಯಲ್ಲಿ ನಿಂತಿದ್ದ ಲಾರಿಗೆ ಬಡಿಯಿತು. ನೆಲದ ಮೇಲಿದ್ದ ಒಬ್ಬರೂ ಸೇರಿ 73 ಜನ ಸತ್ತರು.

2000ದ ಅಕ್ಟೋಬರ್ 31, ತೈಪೆ. ಚಂಡಮಾರುತದ ಮಳೆ, ರಾತ್ರಿ ಹನ್ನೊಂದು ದಾಟಿತ್ತು. ಸಿಂಗಪುರ ಏರ್‌ಲೈನ್ಸ್‌ನ 747 ವಿಮಾನ 05 ಎಡ ಎಂಬ ರನ್‌ವೇಯಿಂದ ಏರಬೇಕಿತ್ತು. ಪಕ್ಕದ 05 ಬಲ ರನ್‌ವೇಯಲ್ಲಿ ಕಾಮಗಾರಿ ನಡೆದಿತ್ತು. ವಿಮಾನ ತಿರುಗಿದ್ದು ಆ ಕಾಮಗಾರಿಯ ರನ್‌ವೇಗೆ. ಪೂರ್ತಿ ವೇಗದಲ್ಲಿ ಓಡುತ್ತಾ ಕಾಂಕ್ರೀಟಿನ ತಡೆಗಳಿಗೆ, ಅಗೆಯುವ ಯಂತ್ರಗಳಿಗೆ ಬಡಿಯಿತು. ಒಳಗಿದ್ದ 179 ಜನರಲ್ಲಿ 83 ಜನ ಬದುಕಲಿಲ್ಲ.

ಇದರಲ್ಲಿ ನನ್ನನ್ನು ಕಾಡುವುದು ಯಾವುದು ಗೊತ್ತೇ? ತೈಪೆಯ ಆ ರನ್‌ವೇ ಬಂದ್ ಆಗಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಸೂಚನೆ ಹೊರಟಿತ್ತು, ಕಾಗದ ಕಾಕ್‌ಪಿಟ್ಟಿನಲ್ಲಿತ್ತು, ಅಲ್ಲಿ ಕೂತಿದ್ದವರು ಮೂವರು ಪೈಲಟ್‌ಗಳು. ಆದರೆ ಮಳೆಯ ಕತ್ತಲೆಯಲ್ಲಿ ಅವರ ಕಣ್ಣಿಗೆ ಕಂಡದ್ದು ಬಂದ್ ಆದ ರನ್‌ವೇಯ ಕಡೆಗೇ ತಿರುಗುವ ಹಸಿರು ದೀಪಗಳ ಸಾಲು. ಅದರ ಬಾಯಲ್ಲಿ ಅಡ್ಡವಾಗಿ ಏನೂ ಇರಲಿಲ್ಲ, ಮುಚ್ಚಿದೆ ಎಂದು ಹೇಳುವ ಗುರುತೂ ಇರಲಿಲ್ಲ. ಗೊತ್ತಿದ್ದದ್ದು ಒಂದು, ಕಂಡದ್ದು ಇನ್ನೊಂದು. ಕಂಡದ್ದೇ ಗೆದ್ದಿತು.

ನಮ್ಮ ಕೆಲಸದ ತಿರುಳೆಲ್ಲ ಇದರಲ್ಲೇ ಇದೆ ಪುಟ್ಟಾ. ಗೊತ್ತಿದ್ದರೆ ಸಾಲದು. ಕಣ್ಣಿಗೆ ಕಾಣಬೇಕು, ಬಾಯಿ ಬಿಟ್ಟು ಹೇಳಬೇಕು, ಎಣಿಸಿ ನೋಡಬೇಕು. ನಿನ್ನನ್ನು ಗೇಟಿನಲ್ಲಿ ತಡೆದದ್ದು ನೀನು ಕೆಟ್ಟವನೆಂದಲ್ಲ. ಒಳ್ಳೆಯವರು, ಅನುಭವಸ್ಥರು, ದಣಿದಿರುವಾಗ, ಮಳೆ ಬರುತ್ತಿರುವಾಗ, ಅವಸರದಲ್ಲಿರುವಾಗ ತಪ್ಪುತ್ತಾರೆ ಎಂಬುದನ್ನು ಸತ್ತವರ ಲೆಕ್ಕದಿಂದ ಕಲಿತ ಮೇಲೆ ಹುಟ್ಟಿದ ನಿಯಮಗಳಿವು.

ನಿನ್ನ ಕೆಲಸದ ರಾತ್ರಿಯನ್ನೇ ತೆಗೆದುಕೋ. ಹನ್ನೊಂದೂವರೆಯಿಂದ ಬೆಳಿಗ್ಗೆ ಐದೂವರೆ. ಈ ಆರು ಗಂಟೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೀಯಾ? ಮುಂಬೈಯಲ್ಲಿ ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಂದು ದಿನ, ಮಳೆಗಾಲ ಮುಗಿದ ಮೇಲೆ ಒಂದು ದಿನ, ಬೆಳಿಗ್ಗೆ 11ರಿಂದ ಸಂಜೆ 5ರ ತನಕ ಎರಡೂ ರನ್‌ವೇ ಮುಚ್ಚುತ್ತಾರೆ. ದೇಶದ ಅತಿ ಗಡಿಬಿಡಿಯ ನಿಲ್ದಾಣಗಳಲ್ಲೊಂದು ಆರು ಗಂಟೆ ಸುಮ್ಮನಾಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಮುಂಚೆ ದಿನ ಗೊತ್ತುಮಾಡಿ, ವಿಮಾನ ಕಂಪನಿಗಳೆಲ್ಲ ತಮ್ಮ ವೇಳಾಪಟ್ಟಿ ಬದಲಿಸಿಕೊಂಡಿರುತ್ತವೆ. 2023ರ ಜನವರಿ ಕೊನೆಯಲ್ಲಿ ನಮ್ಮ ಮಂಗಳೂರಿನ ರನ್‌ವೇಗೆ ಹೊಸ ಹೊದಿಕೆ ಹಾಕಲು ತೊಡಗಿದಾಗ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರ ತನಕ ವಿಮಾನವೇ ಇರಲಿಲ್ಲ. ಇರುವುದೊಂದೇ ರನ್‌ವೇ, ಅದೂ ಗುಡ್ಡದ ನೆತ್ತಿಯ ಮೇಲೆ. ಮದುವೆಗೆ, ಆಸ್ಪತ್ರೆಗೆ, ಕೊಲ್ಲಿ ದೇಶದ ಕೆಲಸಕ್ಕೆ ಹೋಗಿ ಬರುವವರೆಲ್ಲ ತಮ್ಮ ಹೊತ್ತು ಹೊಂದಿಸಿಕೊಂಡರು. ಅಂದರೆ ನಿನ್ನ ಕೈಗೆ ಬಂದ ಆರು ಗಂಟೆ ನಿನ್ನದಲ್ಲ, ಸಾವಿರಾರು ಜನ ಕೊಟ್ಟ ಸಾಲ. ಹೇಳಿದ ಹೊತ್ತಿಗೆ ತೀರಿಸಬೇಕು.

ಈ ಹೊತ್ತನ್ನು ಜಗತ್ತಿಗೆ ತಿಳಿಸುವುದು ‘ನೋಟಾಮ್’ ಎಂಬ ಸೂಚನೆ. ಅದರ ಗಂಟೆ ನಮ್ಮ ಗಂಟೆಯಲ್ಲ, ಯುಟಿಸಿ ಗಂಟೆ. ನಮಗಿಂತ ಐದೂವರೆ ಗಂಟೆ ಹಿಂದೆ. ನಿನ್ನ ರಾತ್ರಿ ಹನ್ನೊಂದೂವರೆ ಅದರಲ್ಲಿ 1800. ನಿನ್ನ ಫೋನಿನಲ್ಲಿ ಮಧ್ಯರಾತ್ರಿ ಕಳೆದು ತಾರೀಖು ಬದಲಾದರೂ ಅದರಲ್ಲಿ ಇನ್ನೂ ನಿನ್ನೆಯ ದಿನವೇ ನಡೆದಿರುತ್ತದೆ, ನಿನ್ನ ಬೆಳಗಿನ ಐದೂವರೆಯ ತನಕ. ನಿನ್ನ ಡೈರಿಯಲ್ಲಿ ಎರಡೂ ಗಂಟೆ, ಎರಡೂ ತಾರೀಖು ಬರೆದಿಡು. ಕೆಲಸಕ್ಕೆ ಇಳಿಯುವ ಮುಂಚೆ ಅಲ್ಲಿಯ ಡ್ಯೂಟಿ ಅಧಿಕಾರಿಯ ಹತ್ತಿರ ಗಟ್ಟಿಯಾಗಿ ಓದಿ ಹೇಳು. ‘ಗೊತ್ತಲ್ಲ ಬಿಡಿ’ ಅನ್ನುವುದು ಬೇಡ.

ಸೂಚನೆ ಹೊರಟಿತು, ರನ್‌ವೇ ಬಂದ್. ಈಗ ಅದು ಬಂದ್ ಆಗಿರುವುದು ಆಕಾಶದಿಂದಲೂ ಕಾಣಬೇಕು. ಬಂದ್ ಆದ ರನ್‌ವೇ ಮೇಲೆ ಬಿಳಿಯ ಅಡ್ಡಗುರುತು, ವಿಮಾನ ರನ್‌ವೇಗೆ ಹೋಗಿ ಬರುವ ದಾರಿಯಾದ ಟ್ಯಾಕ್ಸಿವೇ ಬಂದ್ ಆದರೆ ಅದರ ಮೇಲೆ ಹಳದಿಯದು. ಬಂದ್ ಆದ ಕಡೆಯ ದೀಪಗಳು ಉರಿಯಬಾರದು. ಪರೀಕ್ಷೆಗೆಂದು ಉರಿಸಿದರೆ ಕಂಟ್ರೋಲ್ ಟವರಿಗೆ ಹೇಳಿಯೇ ಉರಿಸಬೇಕು. ಅಗೆದ ಜಾಗದ ಸುತ್ತ ಒಂದೇ ಸಮ ಉರಿಯುವ ಕೆಂಪು ದೀಪ. ಆ ದೀಪಗಳ ಬ್ಯಾಟರಿ ಸಂಜೆಯೇ ನೋಡಿಡಲು ನಿನ್ನ ಕಡೆಯ ಒಬ್ಬನಿಗೆ ಹೇಳು. ರಾತ್ರಿ ಎರಡಕ್ಕೆ ಆರಿದ ದೀಪದ ಹಿಂದೆ ಒಂದು ಗುಂಡಿ ಇರುತ್ತದೆ, ಅದು ಯಾರಿಗೂ ಕಾಣುವುದಿಲ್ಲ.

ಇನ್ನು ಗೇಟು. ಒಳಗೆ ಬರುವ ಪ್ರತಿಯೊಬ್ಬರಿಗೂ ಅವರವರದೇ ಪಾಸು, ಯಾವ ವಲಯಕ್ಕೆ ಹೋಗಬಹುದೆಂದು ಅದರಲ್ಲೇ ಬರೆದಿರುತ್ತದೆ. ಗಾಡಿಗೆ ಬೇರೆ ಪರವಾನಗಿ, ಓಡಿಸುವವನಿಗೆ ಬೇರೆ ಪರವಾನಗಿ. ಗೇಟಿನಲ್ಲಿ ನಿಂತ ಸಿಐಎಸ್‌ಎಫ್ ಯೋಧನಿಗೆ ನಿನ್ನ ಡಾಂಬರು ತಣ್ಣಗಾಗುತ್ತಿದೆ ಅಂತ ಗೊತ್ತಿರುತ್ತದೆ. ಆದರೆ ಒಳಗೆ ಹೋದವರು ಎಷ್ಟು ಜನ, ಹೊರಗೆ ಬಂದವರು ಎಷ್ಟು ಎಂಬ ಲೆಕ್ಕ ಬಿಟ್ಟುಹೋದರೆ ಬೆಳಿಗ್ಗೆ ಆ ರನ್‌ವೇಯನ್ನು ನಂಬಿ ಯಾರೂ ವಹಿಸಿಕೊಳ್ಳಲಾರರು. ಪಾಸಿನ ಅವಧಿ ಮುಗಿದು ವಾಪಸು ಹೋದ ನಿನ್ನ ಕೆಲಸಗಾರನ ಬಗ್ಗೆ ನನಗೂ ನೋವಾಯಿತು. ಅವನಿಗೆ ಆ ದಿನದ ಕೂಲಿ ಕೊಡಿಸು. ಪಾಸಿನ ಅವಧಿ ನೋಡಿಕೊಳ್ಳಬೇಕಾದದ್ದು ಅವನಲ್ಲ, ನಿಮ್ಮ ಆಫೀಸು. ಎಲ್ಲರ ಪಾಸಿನ ಕೊನೆಯ ದಿನಾಂಕದ ಪಟ್ಟಿ ಮಾಡಿ ನಿನ್ನ ಶೆಡ್ಡಿನ ಗೋಡೆಗೆ ಅಂಟಿಸು. ಮನುಷ್ಯರ ಪಟ್ಟಿ, ಗಾಡಿಗಳ ಪಟ್ಟಿ, ಸಲಕರಣೆಯ ಪಟ್ಟಿ ಹಿಂದಿನ ಸಂಜೆಯೇ ಗೇಟಿಗೆ ತಲುಪಿದರೆ ನಿನ್ನ ಮುಕ್ಕಾಲು ಗಂಟೆಯಲ್ಲಿ ಬಹಳಷ್ಟು ಉಳಿಯುತ್ತದೆ. ಗೇಟಿನವರ ಜೊತೆ ಜಗಳಾಡಿ ಉಳಿಸಿದ ಸಮಯವನ್ನು ನಾನಂತೂ ಎಲ್ಲೂ ಕಂಡಿಲ್ಲ.

ಒಳಗೆ ಬಂದ ಮೇಲೆ ಗಾಡಿಗಳು ಎಸ್ಕಾರ್ಟಿನ ಹಿಂದೆಯೇ ಹೋಗಬೇಕು. ಛಾವಣಿಯ ಮೇಲೆ ಮಿನುಗುವ ಹಳದಿ ದೀಪ. ಹಗಲಾದರೆ ಚೌಕುಳಿ ಬಾವುಟ, ಪ್ರತಿ ಬದಿ ಕನಿಷ್ಠ 90 ಸೆಂಟಿಮೀಟರ್, ಕೆಂಪು-ಬಿಳಿ ಅಥವಾ ಕಿತ್ತಳೆ-ಬಿಳಿ. ರನ್‌ವೇ ಹತ್ತಿರ ನೆಲದ ಮೇಲೆ ಹಳದಿ ಗೆರೆಗಳಿವೆಯಲ್ಲ, ಎರಡು ಅಖಂಡ, ಎರಡು ತುಂಡುತುಂಡು? ಅಖಂಡ ಗೆರೆಯ ಕಡೆಯಿಂದ ಬಂದವನು ಟವರ್ ಬಾಯಿಬಿಟ್ಟು ಅನುಮತಿ ಕೊಡುವ ತನಕ ನಿಲ್ಲಲೇಬೇಕು. ಅಲ್ಲಿ ಕೆಂಪು ದೀಪದ ಸಾಲು ಉರಿಯುತ್ತಿದ್ದರೆ ಅದು ಆರುವ ತನಕ ದಾಟಲೇಬಾರದು. ನಿನ್ನ ಡ್ರೈವರುಗಳು ಹೆದ್ದಾರಿಯವರು. ಮುಂದಿನ ಗಾಡಿ ದಾಟಿತು ಅಂತ ಹಿಂದಿನವನೂ ದಾಟಿಬಿಡುವುದು ಅವರಿಗೆ ಅಭ್ಯಾಸ. ಅದೊಂದನ್ನು ಮೊದಲು ಬಿಡಿಸು.

ರೇಡಿಯೋದಲ್ಲಿ ಟವರ್ ಹೇಳಿದ್ದನ್ನು ಹೇಳಿದ ಹಾಗೆಯೇ ತಿರುಗಿ ಹೇಳಬೇಕು. ‘ಸರಿ ಸಾರ್’ ಅಂದರೆ ಸಾಲದು. ರೇಡಿಯೋ ಕೈಕೊಟ್ಟರೆ ಟವರಿನಿಂದ ಬೆಳಕು ಬಿಡುತ್ತಾರೆ. ಹಸಿರು ಮಿನುಗಿದರೆ ದಾಟಬಹುದು. ಕೆಂಪು ಒಂದೇ ಸಮ ಉರಿದರೆ ಇದ್ದಲ್ಲೇ ನಿಲ್ಲಬೇಕು. ಕೆಂಪು ಮಿನುಗಿದರೆ ಆ ಜಾಗ ಬಿಟ್ಟು ಸರಿಯಬೇಕು, ವಿಮಾನ ಬರುತ್ತಿದೆಯೇ ನೋಡಿಕೊಳ್ಳಬೇಕು. ಬಿಳಿ ಮಿನುಗಿದರೆ ಅಲ್ಲಿಯ ಸೂಚನೆಯ ಪ್ರಕಾರ ಹೊರಗೆ ಬರಬೇಕು. ರನ್‌ವೇ ದೀಪಗಳೇ ಮಿನುಗತೊಡಗಿದರೆ ರನ್‌ವೇ ಬಿಟ್ಟು ಟವರಿನ ಕಡೆ ನೋಡಬೇಕು. ಇಷ್ಟನ್ನು ಪ್ರತಿ ಡ್ರೈವರನಿಂದ ಬಾಯಿಪಾಠ ಹೇಳಿಸು.

ಯಾಕಿಷ್ಟು ಒತ್ತಿ ಹೇಳುತ್ತೇನೆಂದರೆ, 2022ರ ನವೆಂಬರ್ 18ರಂದು ಪೆರುವಿನ ಲಿಮಾದಲ್ಲಿ ಅಗ್ನಿಶಾಮಕ ದಳದವರು ಎಷ್ಟು ಬೇಗ ತಲುಪಬಲ್ಲೆವು ಎಂದು ಅಭ್ಯಾಸ ನಡೆಸುತ್ತಿದ್ದರು. ಅಭ್ಯಾಸ ಇದೆಯೆಂದು ಟವರಿಗೂ ಗೊತ್ತಿತ್ತು. ಆದರೆ ಆ ಕ್ಷಣಕ್ಕೆ ರನ್‌ವೇಗೆ ಇಳಿಯುವ ಅನುಮತಿ ಬೇರೆಯದೇ ಆಗಿ ಬೇಕಿತ್ತು. ಅದಿಲ್ಲದೆ ಗಾಡಿ ರನ್‌ವೇಗೆ ಬಂತು, ಏರಲು ಓಡುತ್ತಿದ್ದ ವಿಮಾನ ಬಂದು ಬಡಿಯಿತು. ವಿಮಾನದಲ್ಲಿದ್ದವರೆಲ್ಲ ಬದುಕಿದರು. ಜೀವ ಉಳಿಸಲು ತರಬೇತಿ ಪಡೆದ ಮೂವರು ಅಗ್ನಿಶಾಮಕರು ಉಳಿಯಲಿಲ್ಲ. ನಮ್ಮ ಪುಣೆಯಲ್ಲೇ 2020ರ ಫೆಬ್ರವರಿಯಲ್ಲಿ, ಓಡುತ್ತಿದ್ದ ವಿಮಾನದ ಪೈಲಟ್ ರನ್‌ವೇಯಲ್ಲಿ ಜೀಪನ್ನೂ ಒಬ್ಬ ಮನುಷ್ಯನನ್ನೂ ಕಂಡು, ಏರಬೇಕಾದ ಜಾಗಕ್ಕಿಂತ ಮುಂಚೆಯೇ ವಿಮಾನ ಎತ್ತಿದರು. ಬಾಲ ನೆಲಕ್ಕೆ ತಗಲಿತು. ವಿಮಾನ ದೆಹಲಿ ತಲುಪಿತು, ಎಲ್ಲರೂ ಕ್ಷೇಮ. ಲಿಮಾದಲ್ಲಂತೂ ಸೂಚನೆಯ ಕಾಗದಕ್ಕಿಂತ ಆ ಒಂದು ಗಳಿಗೆಯಲ್ಲಿ ಆಡಬೇಕಿದ್ದ ಒಂದು ಮಾತು ದೊಡ್ಡದಾಗಿತ್ತು.

ಈಗ ನಿನ್ನ ಕೆಲಸಕ್ಕೇ ಬರುತ್ತೇನೆ. ಇದನ್ನು ಓದುವಾಗ ನಿನ್ನೊಳಗಿನ ಎಂಜಿನಿಯರಿಗೆ ಖುಷಿಯಾಗಬಹುದು. ರಾತ್ರಿ ಹೊಸ ಡಾಂಬರು ಹಾಕಿ ನಿಲ್ಲಿಸಿದ ಕಡೆ ಹಳೆಯ ಮೇಲ್ಮೈಗೂ ಹೊಸದಕ್ಕೂ ಒಂದು ಮೆಟ್ಟಿಲಾಗುತ್ತದೆ. ಹೆದ್ದಾರಿಯಲ್ಲಿ ಅದಕ್ಕೊಂದು ಬೋರ್ಡು ಹಾಕಿ ಬಿಡುತ್ತೀರಿ. ಇಲ್ಲಿ ಬೆಳಿಗ್ಗೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದ ಚಕ್ರ ಅದರ ಮೇಲೆ ಹಾಯುತ್ತದೆ. ಆದ್ದರಿಂದ ಅಂತಾರಾಷ್ಟ್ರೀಯ ನಿಯಮದಲ್ಲಿ ಆ ಇಳಿಜಾರಿಗೂ ಲೆಕ್ಕವಿದೆ: ಹೊದಿಕೆ 5 ಸೆಂಟಿಮೀಟರಿನ ತನಕ ಇದ್ದರೆ ಇಳಿಜಾರು ಶೇಕಡಾ ಅರ್ಧದಿಂದ ಒಂದರೊಳಗೆ, ಅದಕ್ಕಿಂತ ದಪ್ಪವಾದರೆ ಶೇಕಡಾ ಅರ್ಧ ಮೀರಬಾರದು. ಅಂದರೆ ಬರೀ ಐದು ಸೆಂಟಿಮೀಟರ್ ಎತ್ತರ ಇಳಿಸಲು ಐದರಿಂದ ಹತ್ತು ಮೀಟರ್ ಉದ್ದ ಬೇಕು. ಒಂದು ಸರದಿಯಲ್ಲಿ ರನ್‌ವೇಯ ಪೂರ್ತಿ ಅಗಲ ಮುಗಿಸಬೇಕು, ಅರ್ಧ ಅಗಲ ಹಾಕಿ ಬಿಡುವಂತಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವಾಗಲೂ ಹೆಚ್ಚಿನ ವಿಮಾನಗಳು ಆ ಇಳಿಜಾರನ್ನು ಏರದೆ ಇಳಿಯುವ ಹಾಗೆ ದಿಕ್ಕು ಆರಿಸಿಕೊಳ್ಳಬೇಕು. ರನ್‌ವೇ ತೆರೆಯುವ ಮುಂಚೆ ನಡುಗೆರೆ ಬಳಿದಿರಲೇಬೇಕು.

ಹಾಗಾಗಿ ನಿಜವಾದ ಧೈರ್ಯ ಬೇಕಾಗುವುದು ರಾತ್ರಿಯ ಮೊದಲ ಭಾಗದಲ್ಲಿ. ಹಳೆಯ ಹೊದಿಕೆಯನ್ನು ಎಷ್ಟು ಉದ್ದ ಕೆರೆದು ತೆಗೆಯಬೇಕು? ಕೆರೆದಷ್ಟನ್ನೂ ಅದೇ ರಾತ್ರಿ ತುಂಬಿ, ಗಟ್ಟಿ ಮಾಡಿ, ತಣ್ಣಗಾಗಲು ಬಿಡಬೇಕು. ಮಿಕ್ಸಿಂಗ್ ಪ್ಲಾಂಟು ಕೆಟ್ಟರೆ? ಮಳೆ ಬಂದರೆ? ಟಿಪ್ಪರು ದಾರಿಯಲ್ಲಿ ನಿಂತರೆ? ಬದಲಿ ಪ್ಲಾಂಟು, ಬದಲಿ ರೋಲರು ಸಿದ್ಧವಿಲ್ಲದಿದ್ದರೆ ಕೆರೆಯುವ ಯಂತ್ರ ಚಾಲೂ ಮಾಡಲೇಬೇಡ. ಅಗೆಯುವ ಮುಂಚೆ ನೆಲದಡಿಯ ಕೇಬಲ್ಲುಗಳ ನಕ್ಷೆ ನೋಡಿ, ಮೊದಲು ಕೈಯಿಂದ ಗುಂಡಿ ತೋಡಿ ಕೇಬಲ್ಲು ಎಲ್ಲಿದೆಯೆಂದು ಖಾತ್ರಿ ಮಾಡಿಕೋ. ಒಂದು ಕೇಬಲ್ಲು ತುಂಡಾದರೆ ಇಡೀ ಸಾಲು ದೀಪ ಹೋಗಬಹುದು. ರನ್‌ವೇ ತುದಿಯಲ್ಲಿ ವಿಮಾನಕ್ಕೆ ದಾರಿ ತೋರುವ ಆಂಟೆನಾ ಇದೆಯಲ್ಲ, ಅದರ ಮುಂದೆ ಟಿಪ್ಪರು ನಿಲ್ಲಿಸಬೇಡ, ಜಲ್ಲಿ ರಾಶಿ ಹಾಕಬೇಡ. ಕಬ್ಬಿಣದ ಗಾಡಿ ಅಡ್ಡ ಬಂದರೆ ಆ ಸಂಕೇತವೇ ಬಾಗುತ್ತದೆ, ಮೋಡದಲ್ಲಿರುವ ಪೈಲಟ್ಟಿಗೆ ಅದು ತಿಳಿಯುವುದಿಲ್ಲ.

ಇನ್ನು ಸಣ್ಣ ಚೂರುಗಳ ಮಾತು. 2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ ಕಾಂಕಾರ್ಡ್ ವಿಮಾನದ ಟಯರನ್ನು ಸೀಳಿದ್ದು ಸುಮಾರು 43 ಸೆಂಟಿಮೀಟರಿನ ಒಂದು ಲೋಹದ ಪಟ್ಟಿ, ಐದು ನಿಮಿಷ ಮುಂಚೆ ಏರಿದ್ದ ಇನ್ನೊಂದು ವಿಮಾನದಿಂದ ಬಿದ್ದದ್ದು. ಟಯರಿನ ತುಂಡು ರೆಕ್ಕೆಗೆ ಬಡಿದು ಇಂಧನ ಚೆಲ್ಲಿ ಬೆಂಕಿ ಹತ್ತಿತು; ನೆಲದ ಮೇಲಿದ್ದ ನಾಲ್ವರೂ ಸೇರಿ 113 ಜನ ಸತ್ತರು. ನಿನ್ನ ಸೈಟಿನಲ್ಲಿ ಅಂಥ ಪಟ್ಟಿ ಎಷ್ಟಿವೆ ನೋಡು: ಕಟ್ಟುವ ತಂತಿ, ಬೋಲ್ಟು, ಕೆರೆಯುವ ಯಂತ್ರದ ಹಲ್ಲು, ಸಿಮೆಂಟು ಚೀಲ, ಟೀ ಕಪ್ಪು. ಜಲ್ಲಿ ಚೂರೊಂದು ಎಂಜಿನ್ನಿನೊಳಗೆ ಹೋದರೂ ಬ್ಲೇಡು ಹಾಳು. ಅದಕ್ಕೇ ಸಲಕರಣೆಯ ಪಟ್ಟಿ ಕೇಳುತ್ತಾರೆ. ಒಳಗೆ ಹೋದ ಸ್ಪ್ಯಾನರು ಹೊರಗೆ ಬರಲೇಬೇಕು. ಬಾರದಿದ್ದರೆ ಸಿಗುವ ತನಕ ಹುಡುಕಬೇಕು. ಟಿಪ್ಪರಿನ ಚಕ್ರದ ನಡುವೆ ಸಿಕ್ಕ ಕಲ್ಲು ಟ್ಯಾಕ್ಸಿವೇ ಹತ್ತುವ ಮುಂಚೆಯೇ ತೆಗೆಸು.

ಇಷ್ಟು ಹೊತ್ತು ಯಂತ್ರದ ಮಾತಾಯಿತು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮನುಷ್ಯರು. ನಿನ್ನ ಗುಂಪಿನಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು ಇದ್ದಾರೆ ಅಂದೆಯಲ್ಲ, ಒಡಿಶಾದವರೂ ಇದ್ದಾರೆ ಅಂದೆ. ಅವರಿಗೆ ಸುರಕ್ಷೆಯ ಪಾಠ ಯಾವ ಭಾಷೆಯಲ್ಲಿ ಆಗುತ್ತದೆ? ಇಂಗ್ಲಿಷಿನಲ್ಲಿ ಓದಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರೆ ಅದು ಪಾಠವಲ್ಲ, ದಾಖಲೆ. ನಾನು ಇಲ್ಲಿ ನಮ್ಮವರಿಗೆ ನಮ್ಮ ಮಾತಿನಲ್ಲೇ ಹೇಳುತ್ತೇನೆ, ಆಮೇಲೆ ಅವರಿಂದ ತಿರುಗಿ ಹೇಳಿಸುತ್ತೇನೆ. ‘ಯಾವ ಗೆರೆ ದಾಟಬಾರದು, ತೋರಿಸಿ’ ಅಂತ ಕೇಳುತ್ತೇನೆ. ಕೈ ಎತ್ತಿ ತೋರಿಸಿದವರಿಗೆ ಗೊತ್ತಾಗಿದೆ ಎಂದು ಅರ್ಥ. ನಿನ್ನ ಒಡಿಶಾದವರಿಗೆ ಅವರ ಮೇಸ್ತ್ರಿಯಿಂದ ಒಡಿಯಾದಲ್ಲೇ ಹೇಳಿಸು.

ಇನ್ನೊಂದು ಸಂಗತಿ, ಯಾವ ಕೈಪಿಡಿಯಲ್ಲೂ ಮೊದಲ ಪುಟಕ್ಕೆ ಬರುವುದಿಲ್ಲ. ಕೆಲಸದ ಜಾಗದ ಹತ್ತಿರ ಶೌಚಾಲಯ ಇದೆಯಾ? ಇಲ್ಲದಿದ್ದರೆ ಮನುಷ್ಯ ರಾತ್ರಿ ಕತ್ತಲೆ ಹುಡುಕಿಕೊಂಡು ನಡೆಯುತ್ತಾನೆ. ವಿಮಾನ ನಿಲ್ದಾಣದಲ್ಲಿ ಕತ್ತಲೆ ಇರುವುದು ಟ್ಯಾಕ್ಸಿವೇ ಆಚೆಯ ಹುಲ್ಲಿನಲ್ಲಿ. ಎಷ್ಟು ಗೇಟು, ಎಷ್ಟು ಪಾಸು ಇದ್ದರೇನು, ಗಡಿ ಮುರಿಯುವುದು ಅಲ್ಲಿ. ಗಾಡಿಯ ಮೇಲೆ ಹೊತ್ತು ತರುವ ಶೌಚಾಲಯ, ಕುಡಿಯುವ ನೀರು, ಕೂತು ಊಟ ಮಾಡಲು ಜಾಗ, ಇವೂ ಸುರಕ್ಷೆಯ ಸಾಮಾನೇ ಕಣೋ. ಊಟ ಉಳಿದದ್ದು ಮುಚ್ಚಿದ ಡಬ್ಬಿಗೆ ಹೋಗಬೇಕು. ಅನ್ನ ಚೆಲ್ಲಿದರೆ ಬೆಳಿಗ್ಗೆ ಹದ್ದು ಬರುತ್ತದೆ, ಅದರ ಹಿಂದೆ ನಾಯಿ. ಪೈಪು ಎಳೆಯಲು ಬೇಲಿಯಲ್ಲಿ ಕಿಂಡಿ ಮಾಡಿದ್ದರೆ ಆ ರಾತ್ರಿಯೇ ಮುಚ್ಚಬೇಕು.

ಅಮ್ಮ ನಿದ್ದೆಯ ಬಗ್ಗೆ ಕೇಳಿದಳು ಅಂದೆನಲ್ಲ. ರಾತ್ರಿ ಎರಡರಿಂದ ನಾಲ್ಕರ ತನಕ ಮನುಷ್ಯನ ಮೈ ತಾನಾಗಿಯೇ ಮಲಗಲು ನೋಡುತ್ತದೆ. ಹಿಂದಕ್ಕೆ ಬರುವ ಟಿಪ್ಪರಿನ ಹಾರ್ನು ಕೇಳಿದರೂ ಮನಸ್ಸಿಗೆ ತಲುಪುವುದಿಲ್ಲ. ಹಗಲು ಬೇರೆ ಸೈಟಿನಲ್ಲಿ ದುಡಿದು ಬಂದವನನ್ನು ಒಳಗೆ ಬಿಡಬೇಡ. ನೀನೂ ಹಗಲು ಆಫೀಸು, ರಾತ್ರಿ ಸೈಟು ಅಂತ ಮಾಡಬೇಡ. ದಣಿದ ಎಂಜಿನಿಯರು ಎಣಿಸುವ ಲೆಕ್ಕ ತಪ್ಪುತ್ತದೆ.

ನಮ್ಮೂರ ಜಾತ್ರೆಯಲ್ಲಿ ತೇರು ಎಳೆಯುವಾಗ ಗಾಲಿಗೆ ಮರದ ತುಂಡು ಕೊಡುವವರನ್ನು ನೆನಪಿಸಿಕೋ. ಊರೆಲ್ಲ ಕಳಸದ ಕಡೆ ನೋಡುತ್ತಿರುತ್ತದೆ, ಅವರು ಮಾತ್ರ ಗಾಲಿಯನ್ನು ನೋಡುತ್ತಿರುತ್ತಾರೆ. ತೇರು ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎನ್ನುವುದು ಅವರ ಕೈಯಲ್ಲಿದೆ. ಹಗ್ಗ ಹಿಡಿದವರು ಎಷ್ಟೇ ಕೂಗಲಿ, ಅವರು ಕೂಗಿಗೆ ಓಗೊಟ್ಟು ತುಂಡು ತೆಗೆಯುವುದಿಲ್ಲ. ವಿಮಾನಗಳು ಓಡಾಡುವ ಏರ್‌ಸೈಡಿನಲ್ಲಿ ನಮ್ಮ ಕೆಲಸ ಅದು. ನಿನ್ನ ಮೇಲಿನ ಸಿಟ್ಟಿನಿಂದ ಮಾಡುವುದಲ್ಲ.

ಕೊನೆಗೆ ಆ ಹತ್ತು ನಿಮಿಷ.

ಐದೂವರೆಗೆ ರನ್‌ವೇ ತೆರೆಯುತ್ತದೆ ಅಂದರೆ ಐದೂವರೆಗೆ ಕೆಲಸ ನಿಲ್ಲುತ್ತದೆ ಎಂದಲ್ಲ. ಆ ಹೊತ್ತಿಗೆ ಎಲ್ಲವೂ ಮುಗಿದಿರಬೇಕು. ಸುಮಾರು 150 ಡಿಗ್ರಿಯಲ್ಲಿ ಬಂದ ಡಾಂಬರು ವಿಮಾನದ ಭಾರ ತಡೆಯುವಷ್ಟು ಆರಿರಬೇಕು. ಬಿಸಿಯಿರುವಾಗಲೇ ಬಿಟ್ಟರೆ ಚಕ್ರ ಹೂತು ನೀನು ಹಾಕಿದ್ದೇ ಕೆಡುತ್ತದೆ. ನಡುಗೆರೆಯ ಬಣ್ಣ ಒಣಗಿರಬೇಕು. ಗುಡಿಸುವ ಯಂತ್ರ ಓಡಬೇಕು, ಅಯಸ್ಕಾಂತದ ಪಟ್ಟಿ ಎಳೆಯಬೇಕು, ಆಮೇಲೆ ಮನುಷ್ಯರು ಸಾಲಾಗಿ ನಡೆದು ಕಣ್ಣಿನಿಂದ ನೋಡಬೇಕು. ಜನರ ಲೆಕ್ಕ, ಗಾಡಿಗಳ ಲೆಕ್ಕ, ಸಲಕರಣೆಯ ಲೆಕ್ಕ ಸರಿಹೋಗಬೇಕು. ಅಡ್ಡಗುರುತುಗಳನ್ನು ತೆಗೆಯಬೇಕು. ದೀಪ ಹಾಕಿ ಒಂದೊಂದನ್ನೂ ನೋಡಬೇಕು. ಆಮೇಲಷ್ಟೇ ಡ್ಯೂಟಿ ಅಧಿಕಾರಿ ಟವರಿಗೆ ‘ರನ್‌ವೇ ಸಿದ್ಧ’ ಅನ್ನುವುದು. ಇಷ್ಟಕ್ಕೆ ಹಿಡಿಯುವ ಸಮಯವನ್ನು ಮೊದಲೇ ಎಣಿಸಿ ಪಕ್ಕಕ್ಕಿಟ್ಟಿರುತ್ತಾರೆ. ನೀನು ಕೇಳಿದ ಹತ್ತು ನಿಮಿಷ ಆ ಗಂಟಿನಿಂದಲೇ ಹೋಗಬೇಕಿತ್ತು: ನಡೆದು ನೋಡುವುದರಿಂದ, ಇಲ್ಲವೇ ಎಣಿಸುವುದರಿಂದ.

ನೀನು ಹತ್ತು ನಿಮಿಷ ಕೇಳುವ ಹೊತ್ತಿಗೆ ದುಬೈಯಿಂದ ಹೊರಟ ವಿಮಾನ ಅರಬ್ಬಿ ಸಮುದ್ರದ ಮೇಲಿರಬಹುದು. ಇಲ್ಲಿ ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು ಇಂಧನ ಅದರಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ತಡವಾದರೆ ತಡವಾಯಿತೆಂದು ನೇರವಾಗಿ ಹೇಳುವುದು ನಾಚಿಕೆಯ ವಿಷಯವಲ್ಲ. ಸೂಚನೆ ಬದಲಾಗುತ್ತದೆ, ವಿಮಾನ ಕಾಯುತ್ತದೆ ಅಥವಾ ಬೇರೆಡೆ ಹೋಗುತ್ತದೆ, ನಿನ್ನ ಕಂಪನಿಗೆ ದಂಡ ಬೀಳುತ್ತದೆ. ಅದಿಷ್ಟನ್ನೂ ಸಹಿಸಬಹುದು. ತಡವಾದದ್ದನ್ನು ಮುಚ್ಚಲು ತಪಾಸಣೆ ಚುಟುಕುಗೊಳಿಸಿ, ನೋಡದ ರನ್‌ವೇಯನ್ನು ನೋಡಿದೆ ಎನ್ನುವುದನ್ನು ಮಾತ್ರ ಸಹಿಸಲಾಗದು. ಹೊಸ ಕೆಲಸ, ಮೇಲಿನವರ ಒತ್ತಡ, ನನಗೆ ಗೊತ್ತು. ನಾಲ್ಕೂವರೆಗೆ ನಿನ್ನ ಪ್ರಾಜೆಕ್ಟ್ ಮ್ಯಾನೇಜರು ಫೋನು ಮಾಡಿ ‘ಇನ್ನೊಂದು ಲೋಡು ಹಾಕಿಬಿಡು’ ಅಂದರೆ, ‘ಆಗುವುದಿಲ್ಲ ಸಾರ್, ರನ್‌ವೇ ಒಪ್ಪಿಸುವ ಹೊತ್ತಾಯಿತು’ ಅನ್ನು. ಅವರು ಬೈದರೆ ಬೈಸಿಕೋ. ಕೆಲಸ ಹೋದರೆ ಮನೆಗೆ ಬಾ, ಅಕ್ಕ ಇದ್ದಾಳೆ. ನಾನು ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡು. ಕೆಲಸಕ್ಕೆ ಇಳಿಯುವ ಮುಂಚೆ ನಿನ್ನವರನ್ನೆಲ್ಲ ಸೇರಿಸಿ, ಅಪಾಯ ಕಂಡರೆ ‘ನಿಲ್ಲಿಸಿ’ ಎಂದು ಕೂಗುವ ಹಕ್ಕು ಇಲ್ಲಿ ಎಲ್ಲರಿಗೂ ಇದೆ, ಪೊರಕೆ ಹಿಡಿದವರಿಗೂ ಇದೆ ಎಂದು ಹೇಳು. ಕೂಗಿದ್ದು ತಪ್ಪಾಗಿದ್ದರೂ ಯಾರೂ ಬೈಯುವುದಿಲ್ಲ, ಕೂಲಿ ಕಡಿಯುವುದಿಲ್ಲ ಎಂದು ಎಲ್ಲರೆದುರು ಮಾತು ಕೊಡು. ಆಮೇಲೆ, ನಿನ್ನನ್ನು ತಡೆದ ಆ ಡ್ಯೂಟಿ ಅಧಿಕಾರಿಯ ಹತ್ತಿರ ಹೋಗಿ, ಇವತ್ತಿನ ಹೊತ್ತು, ಇವತ್ತಿನ ಗಡಿ, ಇವತ್ತಿನ ಲೆಕ್ಕ ಮೂರನ್ನೂ ಕೂಡಿ ಓದಿಕೋ. ನೀವಿಬ್ಬರೂ ಒಂದೇ ಕೆಲಸದಲ್ಲಿದ್ದೀರಿ. ನೀನು ರನ್‌ವೇ ಕಟ್ಟುತ್ತೀಯ, ಅವರು ಅದನ್ನು ನಂಬುವಂತೆ ಮಾಡುತ್ತಾರೆ. ಎರಡರಲ್ಲಿ ಒಂದಿಲ್ಲದಿದ್ದರೂ ಅದರ ಮೇಲೆ ಯಾರನ್ನೂ ಇಳಿಸಲಾಗದು.

ಅಮ್ಮ ಹಪ್ಪಳ, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಪಾರ್ಸೆಲ್ ಹಾಕುತ್ತೇನೆ. ಗುಂಪಿನವರಿಗೂ ಕೊಡು. ಕಾಮಗಾರಿ ಮುಗಿದ ಮೇಲೆ ರಜೆ ಹಾಕಿ ಊರಿಗೆ ಬಾ. ನಿನ್ನ ಇಳಿಜಾರು ಎಷ್ಟು ಉದ್ದ ಬಂತು, ಕೆರೆಯುವ ಗಡಿ ಹೇಗೆ ನಿಗದಿ ಮಾಡಿದೆ, ಎಲ್ಲ ಬರೆ. ನನಗೂ ಕಲಿಯುವುದಿದೆ.

ಪ್ರೀತಿಯಿಂದ,
ನಿನ್ನ ಅಕ್ಕ